ಎಂಜಿನ್ನಿನಿಂದ ಬೋಗಿಗೆ ಕರೆಂಟು: ತಡವಾಗಿ ಬಂದ ತಂತಿಯ ಕಥೆ

ರಾಜಧಾನಿ, ಶತಾಬ್ದಿ ರೈಲುಗಳ ಎರಡೂ ತುದಿಯಲ್ಲಿ ಕಿವಿಗಡಚಿಕ್ಕುವಂತೆ ಗರ್ಜಿಸುತ್ತಿದ್ದ ಜನರೇಟರ್ ಬೋಗಿಯನ್ನು ಯಾರೂ ಮರೆತಿರಲಾರರು. ಪ್ಲಾಟ್‌ಫಾರಂನಲ್ಲಿ ಅದರ ಪಕ್ಕ ನಿಂತು ಬೀಳ್ಕೊಡುವ ಮಾತಾಡುವುದು ಸಾಧ್ಯವೇ ಇರಲಿಲ್ಲ, ಜೊತೆಗೆ ಡೀಸೆಲ್ ಹೊಗೆ. ಸೋಜಿಗವೆಂದರೆ, ಅದೇ ರೈಲಿನ ನೆತ್ತಿಯ ಮೇಲೆ 25,000 ವೋಲ್ಟ್‌ನ ತಂತಿ ಇರುತ್ತಿತ್ತು. ಎಂಜಿನ್ ಓಡುತ್ತಿದ್ದುದು ಅದರಿಂದಲೇ. ಹಿಂದಿನ ಬೋಗಿಗಳ ದೀಪ, ಫ್ಯಾನು, ಎಸಿಗೆ ಮಾತ್ರ ಡೀಸೆಲ್ ಸುಡಬೇಕಿತ್ತು. ಕೆರೆಯ ಏರಿಯ ಮೇಲೆ ಮನೆ ಕಟ್ಟಿಕೊಂಡು ಟ್ಯಾಂಕರ್ ನೀರು ತರಿಸಿದ ಹಾಗೆ.

ಎಂಜಿನ್ನಿನಿಂದ ಬೋಗಿಗೆ ಒಂದು ಕೇಬಲ್ ಎಳೆಯಲು ಏನು ಅಡ್ಡಿಯಿತ್ತು? ತನ್ನನ್ನು ಎಳೆಯುವ ಎಂಜಿನ್ ಯಾವುದೆಂದು ಬೋಗಿಗೆ ಖಾತ್ರಿ ಇರಲಿಲ್ಲ ಎಂಬುದೇ ಮೊದಲ ಅಡ್ಡಿ. ಒಂದೇ ಪ್ರಯಾಣದಲ್ಲಿ ಒಂದಷ್ಟು ದೂರ ಉಗಿಬಂಡಿ, ಮುಂದೆ ಡೀಸೆಲ್, ಅದರಾಚೆ ವಿದ್ಯುತ್ ಎಂಜಿನ್ ಬರಬಹುದಿತ್ತು. ಹಾಗಾಗಿ ಪ್ರತಿ ಬೋಗಿಯೂ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುವ ಏರ್ಪಾಟು ಬೆಳೆದುಬಂತು. ಗಾಲಿಯ ಅಚ್ಚಿಗೆ ಬೆಲ್ಟ್, ಬೆಲ್ಟಿಗೆ ಡೈನಮೊ, ನಿಂತಾಗ ಕೈಹಿಡಿಯಲು ಹೊಟ್ಟೆಯ ಕೆಳಗೆ ತೂಗುಬಿಟ್ಟ ಬ್ಯಾಟರಿ. ಮೊದಲು 24 ವೋಲ್ಟ್ ಡಿ.ಸಿ. ಇತ್ತು, ಆಮೇಲೆ 110 ವೋಲ್ಟ್ ಬಂತು. ಡೈನಮೊ ಹೋಗಿ ಆಲ್ಟರ್ನೇಟರ್ ಬಂತು: ಸಾಮಾನ್ಯ ಬೋಗಿಗೆ 4.5 ಕಿಲೋವಾಟ್‌ನದು, ಎಸಿ ಬೋಗಿಗೆ 25 ಕಿಲೋವಾಟ್‌ನವು. ಕ್ರಾಸಿಂಗಿಗೆಂದು ರೈಲು ನಡುದಾರಿಯಲ್ಲಿ ಗಂಟೆಗಟ್ಟಲೆ ನಿಂತಾಗ ದೀಪ ಕೆಂಪಾಗಿ, ಫ್ಯಾನು ಸೋತು ತಿರುಗುತ್ತಿದ್ದುದರ ಗುಟ್ಟು ಇದೇ. ಈ ಕರೆಂಟು ಪುಕ್ಕಟೆಯದೇನಲ್ಲ. ಬೆಲ್ಟ್ ತಿರುಗಿಸುವ ಹೊರೆಯೂ ಎಂಜಿನ್ನಿನ ಹೆಗಲಿಗೇ ಬೀಳುತ್ತಿತ್ತು. ಆದರೂ ಇದನ್ನು ದಡ್ಡತನ ಎನ್ನಲಾರೆ. ಯಾವ ಬೋಗಿಯನ್ನು ಯಾವ ರೈಲಿಗೆ ಬೇಕಾದರೂ ಜೋಡಿಸಬಹುದಾದ ಸ್ವಾತಂತ್ರ್ಯವನ್ನು ಕೊಟ್ಟದ್ದು ಆ ಬೆಲ್ಟೇ.

ಯುರೋಪಿನಲ್ಲಿ ಎಂಜಿನ್ನಿನಿಂದ ಬೋಗಿಗೆ ಈ ತಂತಿಯನ್ನು ಎಳೆಸಿದ್ದು ಚಳಿ. ಉಗಿ ಎಂಜಿನ್ ಇದ್ದಾಗ ಅದರ ಉಗಿಯನ್ನೇ ಕೊಳವೆಯಲ್ಲಿ ಹಾಯಿಸಿ ಬೋಗಿಗಳನ್ನು ಬೆಚ್ಚಗಿಡುತ್ತಿದ್ದರು. ವಿದ್ಯುತ್ ಎಂಜಿನ್ನಿಗೆ ಬಾಯ್ಲರ್ ಎಲ್ಲಿಯದು? ಆಗ ಎಂಜಿನ್ನಿನಿಂದ ಕೇಬಲ್ ಎಳೆದು ಹೀಟರ್ ಉರಿಸುವ ಪದ್ಧತಿ ಬಂತು. ಆದರೆ ಒಂದೊಂದು ದೇಶದ ಓವರ್‌ಹೆಡ್ ತಂತಿಯಲ್ಲಿ ಒಂದೊಂದು ಬಗೆಯ ವಿದ್ಯುತ್ತು. 1000, 1500, 3000 ವೋಲ್ಟ್‌ಗಳ ಈ ಗೋಜಲನ್ನು ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟ ಯುಐಸಿ ಒಂದು ಸಂಹಿತೆಯಡಿ ತಂದಿತು. ಗಡಿ ದಾಟುವ ಬೋಗಿ ಇವೆಲ್ಲವನ್ನೂ ಅರಗಿಸಿಕೊಳ್ಳಬೇಕಿತ್ತು. ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರಾಕ್ 1970ರ ದಶಕದಲ್ಲಿ 480 ವೋಲ್ಟ್‌ನ ಮೂರು ಫೇಸ್ ವಿದ್ಯುತ್ತಿಗೆ ಹೊರಳಿತು.

ನಮ್ಮಲ್ಲಿ ಬಹುಪಾಲು ಕಡೆ ಅಂಥ ಚಳಿಯೇ ಇಲ್ಲ. ತಂತಿಯ ಅಗತ್ಯ ಕಾಣಿಸಿದ್ದು ಇಡೀ ರೈಲನ್ನೇ ತಂಪಾಗಿಸಲು ಹೊರಟಾಗ. 1969ರಲ್ಲಿ ಹೌರಾ–ನವದೆಹಲಿ ರಾಜಧಾನಿ ಓಡಿತು. ಅಷ್ಟೊಂದು ಎಸಿಗೆ ಬೆಲ್ಟು ಸಾಲದು; ಜನರೇಟರ್ ಬೋಗಿಯಿಂದ ಇಡೀ ರೈಲಿಗೆ ವಿದ್ಯುತ್ ಹಂಚುವ ವ್ಯವಸ್ಥೆ ಬಂತು. ಮುಂದೆ ಇಂಥ ರೈಲುಗಳಿಗೆ ಮಾನಕವಾಗಿ ನಿಂತದ್ದು 750 ವೋಲ್ಟ್, 50 ಹರ್ಟ್ಸ್‌ನ ಮೂರು ಫೇಸ್ ವಿದ್ಯುತ್. ಅದೇ ಶಕ್ತಿಯನ್ನು ಹೆಚ್ಚು ವೋಲ್ಟೇಜಿನಲ್ಲಿ ಸಾಗಿಸಿದರೆ ಕರೆಂಟ್ ಕಡಿಮೆ ಸಾಕು, ಕೇಬಲಿನಲ್ಲಿ ನಷ್ಟವೂ ಕಡಿಮೆ. ಪ್ರತಿ ಬೋಗಿಯೊಳಗಿನ ಟ್ರಾನ್ಸ್‌ಫಾರ್ಮರ್ ಅದನ್ನು 415 ವೋಲ್ಟ್‌ಗೆ ಇಳಿಸುತ್ತದೆ. ರೈಲಿನುದ್ದಕ್ಕೂ ವಿದ್ಯುತ್ ಸಾಗಿಸುವ ಎರಡು ಪ್ರತ್ಯೇಕ ಕೇಬಲ್ ಸಾಲುಗಳು, ಅಂದರೆ ಫೀಡರ್‌ಗಳು. ಒಂದು ಕೈಕೊಟ್ಟರೆ ಇನ್ನೊಂದು.

ಜರ್ಮನ್ ಮೂಲದ ಎಲ್‌ಎಚ್‌ಬಿ ಬೋಗಿಗಳೂ ಈ ಲೆಕ್ಕದಲ್ಲೇ ಬಂದವು. ಬೆಲ್ಟಿನ ಕರೆಂಟು ನೆಚ್ಚಿದ್ದ ಹಳೆಯ ಐಸಿಎಫ್ (ಚೆನ್ನೈನ ಬೋಗಿ ಕಾರ್ಖಾನೆ) ಮಾದರಿಯ ತಯಾರಿಕೆ 2018ರಲ್ಲಿ ನಿಂತು ಎಲ್ಲೆಡೆ ಎಲ್‌ಎಚ್‌ಬಿ ಬರತೊಡಗಿದ ಮೇಲೆ ಸಾಮಾನ್ಯ ರೈಲುಗಳಿಗೂ ಜನರೇಟರ್ ಅಂಟಿಕೊಂಡಿತು. ಡೀಸೆಲ್ ಖರ್ಚು ಏರಿತು, ಹಿಂದೆಂದೋ ಕೇಳಬೇಕಿದ್ದ ಪ್ರಶ್ನೆ ತುರ್ತಿನದಾಯಿತು.

ಉತ್ತರ ಎಚ್‌ಒಜಿ (ಹೆಡ್ ಆನ್ ಜನರೇಷನ್), ಅಂದರೆ ರೈಲಿನ ತಲೆಯಾದ ಎಂಜಿನ್ನಿನಿಂದಲೇ ವಿದ್ಯುತ್ ಪೂರೈಕೆ. ಡಬ್ಲ್ಯುಎಪಿ-7 ಎಂಬ ವಿದ್ಯುತ್ ಎಂಜಿನ್ನಿನ ಟ್ರಾನ್ಸ್‌ಫಾರ್ಮರಿನಲ್ಲಿ ಬೋಗಿಗಳಿಗೆಂದೇ ಬೇರೆ ಸುರುಳಿ ಇದೆ. ಅಲ್ಲಿ ಸಿಗುವ ಒಂಟಿ ಫೇಸನ್ನು 500 ಕೆವಿಎ ಸಾಮರ್ಥ್ಯದ ಎರಡು ಕನ್ವರ್ಟರ್‌ಗಳು ಮೂರು ಫೇಸಾಗಿ ಮಾರ್ಪಡಿಸುತ್ತವೆ. ಹೊರಬರುವುದು ಮತ್ತೆ ಅದೇ 750 ವೋಲ್ಟ್, 50 ಹರ್ಟ್ಸ್. ನನ್ನ ಮಟ್ಟಿಗೆ ಇಡೀ ಕಥೆಯ ಜಾಣತನ ಇರುವುದು ಇಲ್ಲಿ. ಡೀಸೆಲ್ ಜನರೇಟರಿಗಾಗಿ ನಿಗದಿಯಾದ ಅಳತೆಯನ್ನೇ ಎಂಜಿನ್ನೂ ಒಪ್ಪಿಕೊಂಡಿತು. ಉಣಿಸುತ್ತಿರುವವರು ಯಾರೆಂದು ಬೋಗಿಗೆ ತಿಳಿಯುವ ಅಗತ್ಯವೇ ಬೀಳಲಿಲ್ಲ. ಬೋಗಿಗಳ ನಡುವಿನ ದಪ್ಪ ಕಪ್ಲರ್‌ಗಳಲ್ಲಿ ಇಂಟರ್‌ಲಾಕ್ ಇದ್ದು, ಜೋಡಣೆ ಸರಿಯಿಲ್ಲದಿದ್ದರೆ ವಿದ್ಯುತ್ ಹರಿಯುವುದಿಲ್ಲ. ಎರಡು ಜನರೇಟರ್ ಬೋಗಿಗಳಲ್ಲಿ ಒಂದನ್ನು ತೆಗೆದು ಪ್ರಯಾಣಿಕರಿಗೆ ಜಾಗವಿರುವ ಬೋಗಿ ಜೋಡಿಸಲು ಸಾಧ್ಯವಾಯಿತು. ಇನ್ನೊಂದು ಆಪತ್ತಿಗೆಂದು ಉಳಿಯಿತು.

ಆಪತ್ತು ಕಾಲ್ಪನಿಕವೇನಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಬಹುಕಾಲ ಓವರ್‌ಹೆಡ್ ತಂತಿಯೇ ಇರಲಿಲ್ಲ. ಅಂಥ ಕಡೆ ಡೀಸೆಲ್ ಎಂಜಿನ್ ಬಂದೊಡನೆ ಜನರೇಟರ್ ಮತ್ತೆ ಗುಡುಗಲೇಬೇಕು. ತಂತಿ ಇರುವಲ್ಲಿಯೂ ನ್ಯೂಟ್ರಲ್ ಸೆಕ್ಷನ್ ಎಂಬ ವಿದ್ಯುತ್ತಿಲ್ಲದ ಚಿಕ್ಕ ತುಣುಕುಗಳಿವೆ. ಓಡುವ ರೈಲಿನಲ್ಲಿ ಎಸಿಯ ಸದ್ದು ತಟಕ್ಕನೆ ಅಡಗಿ ತುಸು ಹೊತ್ತಿಗೆ ಮರಳಿದರೆ, ರೈಲು ಅಂಥದೊಂದನ್ನು ದಾಟಿರಬಹುದು.

2023ರ ಡಿಸೆಂಬರ್ 30ರಂದು ಚಾಲನೆ ಪಡೆದ ಮೊದಲ ಎರಡು ಅಮೃತ್ ಭಾರತ್ ರೈಲುಗಳಲ್ಲಿ ಒಂದು ಮಾಲ್ಡಾ–ಬೆಂಗಳೂರು ನಡುವಿನದು. ಅದಕ್ಕೆ ಹಿಂದೊಂದು ಮುಂದೊಂದು ಎಂಜಿನ್. ಎರಡನ್ನೂ ಮುಂದಿನ ಲೋಕೊ ಪೈಲಟ್ ಒಬ್ಬರೇ ನಡೆಸುತ್ತಾರೆ. ದೀಪ, ಫ್ಯಾನುಗಳ ಕರೆಂಟಿನ ಜೊತೆಗೆ ಹಿಂದಿನ ಎಂಜಿನ್ನಿಗೆ ಕೊಡುವ ಆಜ್ಞೆಯೂ ಈಗ 22 ಬೋಗಿಗಳ ಉದ್ದಕ್ಕೂ ಕೇಬಲಿನಲ್ಲೇ ಹರಿಯುತ್ತದೆ.