ಕರೆಂಟ್ ಕಾರೋ ಪೆಟ್ರೋಲ್ ಕಾರೋ: ಒಂದೇ ತಕ್ಕಡಿಯಲ್ಲಿ ತೂಗೋಣ

ಪುಣೆ ಪಕ್ಕದ ಪಿಂಪ್ರಿಯ ನಮ್ಮ ರೂಮಿನಲ್ಲಿ ಐದು ಜನ ಇದ್ದೇವೆ. ಇಂಡಿ, ಅಥಣಿ, ಆಳಂದ ಕಡೆಯವರು. ಹಗಲು ಚಾಕಣ, ಭೋಸರಿ ಕಡೆ ಕೆಲಸ, ಸಂಜೆ ಡಿಪ್ಲೊಮಾ ಓದು. ಆಟೊಮೊಬೈಲ್ ಪುಸ್ತಕ ತೆಗೆದಾಗಲೆಲ್ಲ ಒಂದೇ ವಾದ ಏಳುತ್ತದೆ. ಕರೆಂಟ್ ಕಾರು (ಇವಿ) ಒಳ್ಳೆಯದೋ, ಪೆಟ್ರೋಲ್ ಕಾರು ಒಳ್ಳೆಯದೋ? ‘ಇವಿಗೆ ಹೊಗೆಯೇ ಇಲ್ಲ’ ಅಂತ ಒಬ್ಬ. ‘ಹೊಗೆ ಚಂದ್ರಾಪುರದ ಕಲ್ಲಿದ್ದಲ ವಿದ್ಯುತ್ ಸ್ಥಾವರದ ಚಿಮಣಿಯಿಂದ ಬರುತ್ತದೆ, ನಿನಗೆ ಕಾಣೋದಿಲ್ಲ ಅಷ್ಟೇ’ ಅಂತ ಇನ್ನೊಬ್ಬ. ಇಬ್ಬರ ಮಾತೂ ನಿಜ. ಆದರೆ ಒಬ್ಬ ಸೈಲೆನ್ಸರ್ ಹತ್ತಿರ ನಿಂತು ಅಳೆದ, ಇನ್ನೊಬ್ಬ ಕಲ್ಲಿದ್ದಲ ಗಣಿಯಿಂದ ಅಳೆದ. ಇವಿಯ ಕರೆಂಟನ್ನು ಗಣಿಯಿಂದ ಲೆಕ್ಕ ಹಾಕುವುದಾದರೆ ಪೆಟ್ರೋಲನ್ನೂ ಎಣ್ಣೆ ಬಾವಿಯಿಂದಲೇ ಲೆಕ್ಕ ಹಾಕಬೇಕು, ಅಲ್ವಾ? ಡಿಪ್ಲೊಮಾ ಪರೀಕ್ಷೆಗೆ ಓದುವವರಿಗೆ ಈ ಟಿಪ್ಪಣಿ ಬರೆದದ್ದು ಅದಕ್ಕೇ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನೋಡೋಣ.

ಮೊದಲು ಅಳತೆ

ಪೆಟ್ರೋಲನ್ನು ಲೀಟರಿನಲ್ಲಿ, ಕರೆಂಟನ್ನು ಯುನಿಟ್‌ನಲ್ಲಿ ಅಳೆದರೆ ಹೋಲಿಸಲು ಆಗುವುದಿಲ್ಲ. ಎರಡನ್ನೂ ಯುನಿಟ್‌ಗೆ ತನ್ನಿ. ಒಂದು ಯುನಿಟ್ ಅಂದರೆ ಒಂದು ಕಿಲೋವ್ಯಾಟ್ ಅವರ್, ಅಂದರೆ 36 ಲಕ್ಷ ಜೌಲ್. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 9 ಯುನಿಟ್ ಶಾಖ ಬರುತ್ತದೆ. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಲೀಟರಿಗೆ 16 ಕಿಮೀ ಆವರೇಜ್ ಕೊಡುವ ಪೆಟ್ರೋಲ್ ಕಾರು 100 ಕಿಮೀಗೆ 6.25 ಲೀಟರ್ ಕುಡಿಯುತ್ತದೆ. ಅಂದರೆ 56 ಯುನಿಟ್. ಅದೇ ಗಾತ್ರದ ಇವಿ 100 ಕಿಮೀಗೆ ಬ್ಯಾಟರಿಯಿಂದ ಸುಮಾರು 15 ಯುನಿಟ್ ತೆಗೆಯುತ್ತದೆ. ಚಾರ್ಜ್ ಆಗುವಾಗ ಒಂದಿಷ್ಟು ಬಿಸಿಯಾಗಿ ಸೋರುತ್ತದೆ, ಹಾಗಾಗಿ ಮನೆ ಮೀಟರಿನಲ್ಲಿ 17 ಓಡುತ್ತದೆ. 56 ಎಲ್ಲಿ, 17 ಎಲ್ಲಿ! ಪೆಟ್ರೋಲ್ ಇಂಜಿನ್ ರಸ್ತೆಯ ಮೇಲೆ ಶಾಖದ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಕೊಡುತ್ತದೆ. ಉಳಿದದ್ದು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ಮೋಟಾರ್ 100ಕ್ಕೆ 85ರಿಂದ 90 ಭಾಗ ಚಕ್ರಕ್ಕೆ ಕೊಡುತ್ತದೆ.

ಇಲ್ಲಿಗೇ ನಿಲ್ಲಿಸಿ ‘ಇವಿ ಗೆದ್ದಿತು’ ಅನ್ನಬೇಡಿ. ಪರೀಕ್ಷೆಯಲ್ಲಿ ಹಾಗೆ ಬರೆದು ಅಂಕ ಕಳೆದುಕೊಂಡವರಿದ್ದಾರೆ. ಕಲ್ಲಿದ್ದಲ ಸ್ಥಾವರವೂ ಶಾಖದ ಇಂಜಿನ್ನೇ. 100 ಯುನಿಟ್ ಶಾಖಕ್ಕೆ ಸುಮಾರು 35 ಯುನಿಟ್ ಕರೆಂಟ್ ಕೊಡುತ್ತದೆ. ತಂತಿಯಲ್ಲಿ ಕಳೆದುಹೋಗುವುದನ್ನೂ ಸೇರಿಸಿದರೆ ಮೀಟರಿನ 17ಕ್ಕೆ ಸ್ಥಾವರದಲ್ಲಿ 20 ಯುನಿಟ್ ಹುಟ್ಟಬೇಕು. ಆ 20ಕ್ಕೆ ಸುಮಾರು 57 ಯುನಿಟ್ ಶಾಖ ಬೇಕು. ನೋಡಿ, ಬರೀ ಕಲ್ಲಿದ್ದಲಿನ ಕರೆಂಟ್ ಆದರೆ ಎರಡು ಕಾರೂ ಸರಿಸುಮಾರು ಅಷ್ಟೇ ಶಾಖ ಸುಡುತ್ತವೆ. ಈ ಲೆಕ್ಕ ಮೊದಲ ಸಲ ಹಾಕಿದಾಗ ನಾನು ಎಲ್ಲೋ ತಪ್ಪಿದೆ ಅಂದುಕೊಂಡು ಮೂರು ಸಲ ಹಾಕಿದೆ.

ಬೋರ್ ಘಾಟಿನ ಪಾಠ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಹೋದ ಮಳೆಗಾಲದಲ್ಲಿ ಗೆಳೆಯನೊಬ್ಬನ ಇವಿಯಲ್ಲಿ ನಾಲ್ಕು ಜನ ಮುಂಬೈಗೆ ಹೋಗಿ ಬಂದೆವು. 30 ಯುನಿಟ್ ಬ್ಯಾಟರಿಯ ಗಾಡಿ. ನಾನು ಮುಂದೆ ಕೂತು ನೋಟ್‌ಬುಕ್ ಹಿಡಿದಿದ್ದೆ. ಲೋಣಾವಳದಿಂದ ಖೋಪೋಲಿ ಕಡೆ ಬೋರ್ ಘಾಟು ಇಳಿಯುವಾಗ ಮೇಲೆ 55 ಪರ್ಸೆಂಟ್ ಇತ್ತು. ಕೆಳಗೆ ಬಂದಾಗ 56! ವಾಪಸ್ ಬರುವಾಗ ಅದೇ ಘಾಟು ಹತ್ತಲು 62 ಇದ್ದದ್ದು 48ಕ್ಕೆ ಬಂತು.

ಯಾಕೆ ಹೀಗೆ? ನಾವು ಕೂತ ಗಾಡಿ 1700 ಕಿಲೋ ಹಿಡಿಯಿರಿ, ಏರು 500 ಮೀಟರ್. 1700ನ್ನು 10ರಿಂದ, ಅದನ್ನು 500ರಿಂದ ಗುಣಿಸಿದರೆ 85 ಲಕ್ಷ ಜೌಲ್. 36 ಲಕ್ಷದಿಂದ ಭಾಗಿಸಿದರೆ ಹತ್ತಿರಹತ್ತಿರ 2.4 ಯುನಿಟ್. ಬರೀ ಎತ್ತಲಿಕ್ಕೆ ಬೇಕಾದದ್ದು ಅಷ್ಟು. ಟೈರು ಉರುಳಲು, ಗಾಳಿ ಸೀಳಲು ಬೇಕಾದದ್ದು ಬೇರೆ. ಎರಡನ್ನೂ ಕೂಡಿಸಿದರೆ ನಾಲ್ಕು ಯುನಿಟ್ ಮೇಲೆ ಹೋಗುತ್ತದೆ. 14 ಪರ್ಸೆಂಟ್ ಇಳಿದದ್ದು ಅದಕ್ಕೇ. ಪೆಟ್ರೋಲ್ ಕಾರಿಗೆ ಅದೇ 2.4 ಯುನಿಟ್ ಎತ್ತುವ ಕೆಲಸಕ್ಕೆ ಸುಮಾರು ಒಂದು ಲೀಟರ್ ಹೋಗುತ್ತದೆ, ಯಾಕಂದ್ರೆ ಕಾಲು ಭಾಗ ಮಾತ್ರ ಚಕ್ರಕ್ಕೆ ಸಿಗುತ್ತದೆ.

ಇಳಿಯುವಾಗ ಅಸಲಿ ವ್ಯತ್ಯಾಸ ಗೊತ್ತಾಗುತ್ತದೆ. ಪೆಟ್ರೋಲ್ ಕಾರು ಇಳಿಜಾರಿನಲ್ಲಿ ಪೆಟ್ರೋಲ್ ಕುಡಿಯುತ್ತದೆ ಅಂತ ಸುಮ್ನೆ ಬರೆಯಬೇಡಿ. ಗೇರ್‌ನಲ್ಲಿ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಈಗಿನ ಇಂಜಿನ್ನುಗಳಲ್ಲಿ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಮುಚ್ಚಿಕೊಳ್ಳುತ್ತದೆ. ಆದರೆ ಮೇಲೆ ಹತ್ತಿಸಿದ ಶಕ್ತಿ ಬ್ರೇಕ್ ಪ್ಯಾಡ್ ಬಿಸಿಯಾಗಿ ಹೋಗುತ್ತದೆ, ಟಾಕಿಗೆ ಒಂದು ಹನಿಯೂ ವಾಪಸ್ ಬರುವುದಿಲ್ಲ. ಇವಿಯಲ್ಲಿ ಮೋಟಾರೇ ಜನರೇಟರ್ ಆಗುತ್ತದೆ. ಚಕ್ರ ಮೋಟಾರನ್ನು ತಿರುಗಿಸುತ್ತದೆ, ಗಾಡಿ ನಿಧಾನವಾಗುತ್ತದೆ, ಕರೆಂಟ್ ಬ್ಯಾಟರಿಗೆ ಮರಳುತ್ತದೆ. ಇದಕ್ಕೇ ರೀಜನ್ ಅನ್ನುತ್ತಾರೆ.

ಬೇಕಾದ ಒಂದು ಎಚ್ಚರಿಕೆ: ಲೋಣಾವಳದಲ್ಲಿ 100 ಪರ್ಸೆಂಟ್ ತುಂಬಿಸಿ ಇಳಿಯಬೇಡಿ. ತುಂಬಿದ ಬ್ಯಾಟರಿಯಲ್ಲಿ ವಾಪಸ್ ಬಂದ ಕರೆಂಟಿಗೆ ಜಾಗ ಇರುವುದಿಲ್ಲ. ಆಗ ರೀಜನ್ ಹಿಡಿತ ಕಡಿಮೆಯಾಗಿ ಎಲ್ಲ ಭಾರ ಮಾಮೂಲಿ ಬ್ರೇಕ್ ಮೇಲೆ ಬೀಳುತ್ತದೆ. ಮೇಲೆ 80ಕ್ಕೆ ನಿಲ್ಲಿಸುವುದೇ ವಾಸಿ.

ಊರೊಳಗೆ ಒಂದು, ಹೈವೇಯಲ್ಲಿ ಇನ್ನೊಂದು

ಪೆಟ್ರೋಲ್ ಕಾರು ಹೈವೇಯಲ್ಲಿ ಜಾಸ್ತಿ ಆವರೇಜ್ ಕೊಡುತ್ತದೆ, ಊರೊಳಗೆ ಕಡಿಮೆ. ಇವಿ ತದ್ವಿರುದ್ಧ. ಹಿಂಜವಡಿಯ ಸಂಜೆ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ನಿಂತರೆ ಇವಿಯ ಮೋಟಾರ್ ನಿಂತೇ ಇರುತ್ತದೆ, ಎಸಿ ಮಾತ್ರ ಒಂದು ಯುನಿಟ್ ಆಸುಪಾಸು ತಿನ್ನುತ್ತದೆ. ಪೆಟ್ರೋಲ್ ಇಂಜಿನ್ ಸುಮ್ಮನೆ ಉರಿಯುತ್ತಿರುತ್ತದೆ. ಹೈವೇಯಲ್ಲಿ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 60ರಿಂದ 100ಕ್ಕೆ ಹೋದರೆ ತಡೆ ಸುಮಾರು 2.8 ಪಟ್ಟು. ಈ ತಡೆ ಎರಡೂ ಗಾಡಿಗಳಿಗೆ ಒಂದೇ. ಆದರೆ ಪೆಟ್ರೋಲ್ ಇಂಜಿನ್ ಹೊರೆ ಬಿದ್ದಾಗ ಚೆನ್ನಾಗಿ ದುಡಿಯುತ್ತದೆ, ಹಾಗಾಗಿ ಅದರ ನಷ್ಟ ಮುಚ್ಚಿಹೋಗುತ್ತದೆ. ಇವಿ ಮೊದಲೇ ಚೆನ್ನಾಗಿ ದುಡಿಯುತ್ತಿತ್ತು, ಅದಕ್ಕೆ ಮುಚ್ಚಲು ಏನೂ ಇಲ್ಲ.

ಕಾಗದದ ಮೇಲಿನ ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ರಸ್ತೆಯಲ್ಲಿ ಬರದಿರುವುದಕ್ಕೂ ಇದೇ ಕಾರಣ. ನಮ್ಮ ಪುಣೆಯ ವೇತಾಳ ಟೇಕಡಿ ಮೇಲಿರುವ ಎಆರ್‌ಎಐ 1966ರಲ್ಲಿ ಶುರುವಾದ, ಗಾಡಿ ಪರೀಕ್ಷಿಸುವ ಸಂಸ್ಥೆ. ಅಂಥ ಪ್ರಯೋಗಾಲಯಗಳಲ್ಲಿ ರೋಲರ್ ಮೇಲೆ ಗಾಡಿ ಓಡಿಸಿ ಅಳೆಯುತ್ತಾರೆ. ಅದಕ್ಕೆ ಬಳಸುವ ಭಾರತೀಯ ಪರೀಕ್ಷಾ ಕ್ರಮದಲ್ಲಿ ವೇಗ 90 ದಾಟುವುದಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ 100ರಲ್ಲಿ ಎಸಿ ಹಾಕಿ ಓಡಿಸಿದರೆ ಆ ಸಂಖ್ಯೆ ಬರಲು ಸಾಧ್ಯವೇ ಇಲ್ಲ. ಅಲ್ಲಿ ಯಾರೂ ಮೋಸ ಮಾಡುತ್ತಿಲ್ಲ, ಅಳೆದ ಸ್ಥಿತಿ ಬೇರೆ.

ಹೊಗೆಯ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕಿಲೋ ಕಾರ್ಬನ್ ಡೈಆಕ್ಸೈಡ್. ಬಾವಿಯಿಂದ ತೆಗೆದು, ರಿಫೈನರಿಯಲ್ಲಿ ಶುದ್ಧ ಮಾಡಿ, ಟ್ಯಾಂಕರಿನಲ್ಲಿ ತರುವುದಕ್ಕೆ ಇನ್ನೊಂದು ಐದನೇ ಭಾಗ ಸೇರಿಸಿ, 2.8 ಹಿಡಿಯೋಣ. 100 ಕಿಮೀಗೆ 17.5 ಕಿಲೋ.

ಇವಿಗೆ ಬರೋಣ. ದೇಶದ ಗ್ರಿಡ್‌ನಲ್ಲಿ ಒಂದು ಯುನಿಟ್‌ಗೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರ ಲೆಕ್ಕ ಕೊಡುತ್ತದೆ. ಈಚಿನ ವರ್ಷಗಳಲ್ಲಿ ಅದು ಸುಮಾರು 0.7 ಕಿಲೋ (ಕಲ್ಲಿದ್ದಲು ಅಗೆದು ಸಾಗಿಸುವ ಹೊಗೆ ಇದರಲ್ಲಿ ಸೇರಿಲ್ಲ). ಕಲ್ಲಿದ್ದಲಿನ ಜೊತೆ ಕೊಯ್ನಾದಂಥ ಜಲವಿದ್ಯುತ್, ಗಾಳಿ, ಬಿಸಿಲು ಸೇರಿರುವುದರಿಂದ ಇಷ್ಟಕ್ಕೆ ಇಳಿದಿದೆ. 20 ಯುನಿಟ್‌ಗೆ 14 ಕಿಲೋ. ಅಂದರೆ 100 ಕಿಮೀಗೆ ಉಳಿಯುವುದು 3.5 ಕಿಲೋ ಮಾತ್ರ. ಬರೀ ಕಲ್ಲಿದ್ದಲು ಆಗಿದ್ದರೆ ಇವಿಯೇ ಹಿಂದೆ ಬೀಳುತ್ತಿತ್ತು.

ಬ್ಯಾಟರಿ ಮಾಡುವಾಗಿನ ಹೊಗೆ ಇನ್ನೂ ಬಾಕಿ ಇದೆ. ಒಂದು ಯುನಿಟ್ ಸಾಮರ್ಥ್ಯಕ್ಕೆ ಸಾಮಾನ್ಯವಾಗಿ 60ರಿಂದ 100 ಕಿಲೋ. 75 ಹಿಡಿದರೆ 30 ಯುನಿಟ್ ಬ್ಯಾಟರಿಗೆ 2250 ಕಿಲೋ. 3.5ರಂತೆ ತೀರಿಸುತ್ತ ಹೋದರೆ ಈ ಸಾಲ ಮುಗಿಯಲು ಸುಮಾರು 64 ಸಾವಿರ ಕಿಮೀ ಬೇಕು. ಮನೆ ಮೇಲಿನ ಸೋಲಾರಿನಿಂದಲೇ ತುಂಬಿಸುವವರಿಗೆ 13 ಸಾವಿರ ಕಿಮೀ ಸಾಕು. ಒಂದೇ ಕಾರು, ಪ್ಲಗ್ ಮಾತ್ರ ಬೇರೆ!

ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ಇವಿ ಪರ ಇರುವ ಗಟ್ಟಿ ಮಾತು ಇದು: ಇವತ್ತು ಕೊಂಡ ಪೆಟ್ರೋಲ್ ಇಂಜಿನ್ ಹತ್ತು ವರ್ಷ ಆದ ಮೇಲೆ ಇದಕ್ಕಿಂತ ಶುದ್ಧವಾಗುವುದಿಲ್ಲ. ಗ್ರಿಡ್‌ಗೆ ಸೋಲಾರ್ ಸೇರಿದಷ್ಟೂ ಹಳೆಯ ಇವಿಯೂ ಶುದ್ಧವಾಗುತ್ತ ಹೋಗುತ್ತದೆ. ಮತ್ತೆ ಸ್ವಾರಗೇಟ್ ಸಿಗ್ನಲ್ಲಿನಲ್ಲಿ ದಿನಾ ನಿಲ್ಲುವ ಟ್ರಾಫಿಕ್ ಪೊಲೀಸರ ಮೂಗಿಗೆ ಬರುವ ಹೊಗೆ ಇವತ್ತೇ ಕಡಿಮೆಯಾಗುತ್ತದೆ. ಆದರೆ ಚಂದ್ರಾಪುರದವರು ಆ ಹೊಗೆ ಕುಡಿಯುತ್ತಾರೆ ಅನ್ನುವುದನ್ನು ಉತ್ತರದಲ್ಲಿ ಬಿಡಬೇಡಿ. ಅವರೂ ಮನುಷ್ಯರೇ.

ಇತಿಹಾಸದ ಪ್ರಶ್ನೆ ಬಂದರೆ ಇಷ್ಟು ಸಾಕು: 1899ರಲ್ಲಿ ಗಂಟೆಗೆ 100 ಕಿಮೀ ವೇಗ ಮೊದಲು ದಾಟಿದ ಕಾರು ಕರೆಂಟಿನದು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂದು, ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿ, ಪೆಟ್ರೋಲ್ ಕಾರು ಮುಂದೆ ಹೋಯಿತು. ನಮ್ಮ ಬೆಂಗಳೂರಿನ ರೇವಾ 2001ರಲ್ಲಿ ರಸ್ತೆಗೆ ಬಂತು.

ದುಡ್ಡು, ಮತ್ತು ಕಾಕಾನ ಪ್ರಶ್ನೆ

ಪೆಟ್ರೋಲ್ 104 ರೂಪಾಯಿ ಹಿಡಿದರೆ 100 ಕಿಮೀಗೆ 650. ಮನೆ ಮೀಟರಿನಲ್ಲಿ ಯುನಿಟ್‌ಗೆ 12 ಹಿಡಿದರೆ ಇವಿಗೆ 204. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ 22 ಹಿಡಿದರೆ 374. ಇವಿಗೆ ಮೂರು ಲಕ್ಷ ಜಾಸ್ತಿ ಕೊಟ್ಟಿದ್ದರೆ, ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಅದು ಮರಳಲು ಸುಮಾರು 67 ಸಾವಿರ ಕಿಮೀ. ತಿಂಗಳಿಗೆ 2000 ಕಿಮೀ ಓಡಿಸಿದರೆ ಮೂರು ವರ್ಷದೊಳಗೆ. 500 ಓಡಿಸಿದರೆ ಹನ್ನೊಂದು ವರ್ಷ. ಇವಿಗೆ ಜಿಎಸ್‌ಟಿ 5 ಪರ್ಸೆಂಟ್. 2025ರ ಮಹಾರಾಷ್ಟ್ರ ನೀತಿಯಲ್ಲಿ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಮತ್ತು ಅಟಲ್ ಸೇತುವೆಯ ಟೋಲ್ ಮಾಫಿ ಇದೆ. ನಿಮ್ಮ ಲೆಕ್ಕದಲ್ಲಿ ಅದನ್ನೂ ಸೇರಿಸಿ. ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಡಿ, ನಿಮ್ಮ ಬಿಲ್ಲಿನ ದರ ಹಾಕಿ ಮತ್ತೆ ಮಾಡಿ.

ಇಂಡಿಯ ನಮ್ಮ ಗೆಳೆಯನ ಕಾಕಾ ವಾಕಡದಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ರವಿವಾರ ರೂಮಿಗೆ ಬಂದಾಗ ಈ ಲೆಕ್ಕ ನೋಡಿ ಕೇಳಿದರು: ‘ಎಲ್ಲಾ ಖರೇ ತಮ್ಮಾ. ನನ್ನ ಗಾಡಿ ಸಿಎನ್‌ಜಿ ಐತಿ. ಅದರ ಲೆಕ್ಕ ಎಲ್ಲೈತಿ?’

ನಾವು ಅದನ್ನು ಹಾಕಿರಲೇ ಇಲ್ಲ. ಅಲ್ಲೇ ಕೂತು ಹಾಕಿದೆವು. ಕಿಲೋಗೆ 25 ಕಿಮೀ, ಕಿಲೋಗೆ 90 ರೂಪಾಯಿ. 100 ಕಿಮೀಗೆ 360. ಫಾಸ್ಟ್ ಚಾರ್ಜರಿನ ಇವಿಗೆ 374! ಕಾಕಾ ಗಾಡಿ ರಸ್ತೆ ಬದಿಗೆ ನಿಲ್ಲಿಸುತ್ತಾರೆ, ಚಾರ್ಜಿಂಗಿಗೆ ಪ್ಲಗ್ ಇಲ್ಲ. ಅವರಿಗೆ ಹೊರಗಿನ ಚಾರ್ಜರೇ ಗತಿ. ಅಂದರೆ ಇವಿ ಕೊಂಡರೆ ಒಂದು ರೂಪಾಯಿಯೂ ಉಳಿಯುವುದಿಲ್ಲ, ಮೇಲೆ ಚಾರ್ಜರ್ ಹತ್ತಿರ ಕಾಯುವ ಹೊತ್ತಿನಲ್ಲಿ ಬಾಡಿಗೆ ತಪ್ಪುತ್ತದೆ. ಅದೇ ಕಾಕಾಗೆ ರಾತ್ರಿ ಗಾಡಿ ನಿಲ್ಲಿಸುವಲ್ಲಿ 15 ಆಂಪಿಯರ್ ಸಾಕೆಟ್ ಇದ್ದರೆ? ಗಂಟೆಗೆ ಮೂರು ಯುನಿಟ್ ಚಿಲ್ಲರೆ, ಹತ್ತು ತಾಸಿನಲ್ಲಿ ಬ್ಯಾಟರಿ ತುಂಬುತ್ತದೆ. 100 ಕಿಮೀಗೆ 360 ಹೋಗಿ 204. ತಿಂಗಳಿಗೆ 3000 ಕಿಮೀ ಓಡಿಸುವವರಿಗೆ 4680 ರೂಪಾಯಿ ಉಳಿತಾಯ.

ನಮ್ಮ ಲೆಕ್ಕದಲ್ಲಿ ಮೋಟಾರ್, ಇಂಜಿನ್, ಗ್ರಿಡ್ ಎಲ್ಲ ಇತ್ತು. ಸಾಕೆಟ್ ಇರಲಿಲ್ಲ. ನಾನು ಮೊದಲಿದ್ದ ಸೊಸೈಟಿಯಲ್ಲಿ ಒಬ್ಬರು ಪಾರ್ಕಿಂಗಿಗೆ ತಮ್ಮದೇ ಮೀಟರಿನಿಂದ ತಂತಿ ಎಳೆಸಲು ಎಂಟು ತಿಂಗಳು ಕಮಿಟಿಗೆ ಅರ್ಜಿ ಹಾಕುತ್ತಾ ಇದ್ದರು. ಕಡೆಗೆ ಇವಿ ಬುಕಿಂಗ್ ರದ್ದು ಮಾಡಿ ಪೆಟ್ರೋಲ್ ಕಾರು ತಂದರು. ಅವರಿಗೆ ಬೇಕಾಗಿದ್ದದ್ದು ಇಪ್ಪತ್ತು ಮೀಟರ್ ತಂತಿ ಮತ್ತು ಒಂದು ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್). ನನಗೆ ಈಗಲೂ ಅದು ಬೇಜಾರು.

ಕಾಕಾ ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಹೋದರು. ಈಗ ಅವರು ಗಾಡಿ ನೋಡುತ್ತಿಲ್ಲ. ಪಾರ್ಕಿಂಗ್ ಇರುವ, ತಮ್ಮ ಹೆಸರಿಗೆ ಮೀಟರ್ ಸಿಗುವ ಬಾಡಿಗೆ ಮನೆ ಹುಡುಕುತ್ತಿದ್ದಾರೆ. ಬಾಡಿಗೆ ಎಷ್ಟರವರೆಗೆ ಜಾಸ್ತಿ ಆದರೂ ಪರವಾಗಿಲ್ಲ ಅಂತ ಗೊತ್ತಿದೆ: ತಿಂಗಳಿಗೆ 4680ರೊಳಗೆ, ಅದರಲ್ಲೂ ಗಾಡಿಯ ಕಂತು ಕಳೆದು.