ಕೋಡ್‌ನ ಬಣ್ಣ ಯಾರಿಗಾಗಿ? ಮಸುಕಾದ ಕಾಮೆಂಟಿನ ಹಿನ್ನೆಲೆ

ಯಾವುದೇ ಪ್ರೋಗ್ರಾಮಿಂಗ್ ಭಾಷೆಯ ಡಾಕ್ಯುಮೆಂಟೇಶನ್, ಅಂದರೆ ಬಳಸುವ ವಿಧಾನ ವಿವರಿಸುವ ಪುಟಗಳನ್ನು ತೆರೆಯಿರಿ, ಕೋಡ್ ಬಣ್ಣಬಣ್ಣವಾಗಿರುತ್ತದೆ. ಭಾಷೆಯ ಮೀಸಲು ಪದಗಳಿಗೆ (ಕೀವರ್ಡ್) ಒಂದು ಬಣ್ಣ, ಉದ್ಧರಣ ಚಿಹ್ನೆಯೊಳಗಿನ ಪಠ್ಯಕ್ಕೆ (ಸ್ಟ್ರಿಂಗ್) ಇನ್ನೊಂದು. ಆದರೆ ಯಾವ ಬಣ್ಣ ಇರಬೇಕು ಅನ್ನೋ ಚರ್ಚೆ ಮಾತ್ರ ವರ್ಷಗಳಿಂದ ಮುಗಿದಿಲ್ಲ.

ಮೊದಲು ಬಣ್ಣವೇ ಇರಲಿಲ್ಲ. ಆಲ್ಗಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯ 1960ರ ವರದಿಯಲ್ಲಿ ‘ಬಿಗಿನ್’, ‘ಎಂಡ್’ ಥರದ ಪದಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು, ಅಷ್ಟೇ. ಆಮೇಲೆ ಬಣ್ಣದ ಪರದೆಗಳು ಬಂದವು. 1998ರ ಹೊತ್ತಿಗೆ ಕೋಡ್ ಬರೆಯಲು ಬಳಸುವ ವಿಮ್ ಎಡಿಟರ್ ಕೂಡ ಕೋಡಿಗೆ ಬಣ್ಣ ಹಚ್ಚತೊಡಗಿತು.

ಗೋಜಲು ಶುರುವಾಗಿದ್ದು 2006ರ ಆಸುಪಾಸಿನಲ್ಲಿ. ಆ ವರ್ಷ ಪಿಗ್ಮೆಂಟ್ಸ್ ಬಂತು. ಕೋಡ್ ಕೊಟ್ಟರೆ ಬಣ್ಣ ಹಚ್ಚಿ ವೆಬ್ ಪುಟಕ್ಕೆ ತಯಾರು ಮಾಡಿಕೊಡುವ ಸಾಧನ ಅದು. ಡಾಕ್ಯುಮೆಂಟೇಶನ್ ಪುಟಗಳನ್ನು ತಯಾರಿಸುವ ಸ್ಫಿಂಕ್ಸ್ 2008ರಲ್ಲಿ ಬಂದು ಅದನ್ನೇ ಬಳಸಿತು. ಪೈಥಾನ್ ಡಾಕ್ಯುಮೆಂಟೇಶನ್‌ನ ಆ ತಿಳಿಹಸಿರು ಕೋಡ್ ಪೆಟ್ಟಿಗೆಗಳು ನೆನಪಿವೆ ಅಲ್ವಾ? ಇತ್ತ 2006ರಲ್ಲೇ ವೈಮರ್ ಹೇಜನ್‌ಬರ್ಗ್ ಅವರ ಮೊನೊಕೈ, 2011ರಲ್ಲಿ ಈಥನ್ ಸ್ಕೂನೋವರ್ ಅವರ ಸೋಲರೈಸ್ಡ್ ಎಂಬ ಬಣ್ಣದ ಥೀಮ್‌ಗಳು ಬಂದವು. ಇವೆರಡೂ ಕೋಡ್ ಬರೆಯುವವರ ಕಣ್ಣಿಗಾಗಿ ಮಾಡಿದ ಬಣ್ಣಗಳು. ಎಲ್ಲರಿಗೂ ಇಷ್ಟವಾದವು, ಡಾಕ್ಯುಮೆಂಟೇಶನ್‌ಗೂ ಹಾಗೇ ನಡೆದು ಬಂದವು.

ತೊಡಕು ಇರೋದು ಇಲ್ಲೇ. ಕಾಮೆಂಟ್ ಅಂದರೆ ಕೋಡ್ ನಡುವೆ ಓದುವವರಿಗಾಗಿ ಬರೆದ ವಿವರಣೆಯ ಸಾಲು. ಬರೆಯುವವರಿಗೆ ಅದು ಗೊತ್ತಿರುವ ವಿಷಯ. ಮಸುಕಾಗಿ ಹಿಂದೆ ಸರಿದರೆ ಅನುಕೂಲವೇ. ಕಲಿಯುವವರಿಗೆ ಹಾಗಲ್ಲ. ‘ಈ ಸಾಲು ಫೈಲನ್ನು ಅಳಿಸಿಬಿಡುತ್ತದೆ’ ಅಂತ ಎಚ್ಚರಿಸೋದೇ ಕಾಮೆಂಟ್. ಕಾಲೇಜಿನಲ್ಲಿ ಒಂದು ಟ್ಯುಟೋರಿಯಲ್ ಅನ್ನು ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆಸಿ, ಅದರ ಜೆರಾಕ್ಸ್ ಹಂಚಿಕೊಂಡಿದ್ದೆವು. ಕೋಡ್ ಚೆನ್ನಾಗಿ ಬಂದಿತ್ತು. ವಿವರಣೆಯ ಸಾಲುಗಳು ಮಾತ್ರ ಮಾಯ.

2008ರ ಡಿಸೆಂಬರ್‌ನಲ್ಲಿ ಬಂದ ವೆಬ್ ಸುಲಭಬಳಕೆಯ ಮಾರ್ಗಸೂಚಿ ಒಂದು ಅಳತೆ ಕೊಟ್ಟಿತು. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ ಇರಬೇಕು. ಮೊನೊಕೈ ಕಾಮೆಂಟ್ ಸುಮಾರು 3ಕ್ಕೇ ನಿಲ್ಲುತ್ತದೆ. ಪಿಗ್ಮೆಂಟ್ಸ್‌ನ ಡೀಫಾಲ್ಟ್ ಶೈಲಿಯದು ಇನ್ನೂ ಸೂಕ್ಷ್ಮ. ಅದರ ಹಳೆಯ ಕಾಮೆಂಟ್ ಬಣ್ಣದ ಸಂಕೇತ 408080, ಅಂದರೆ ಹಸಿರು ಬೆರೆತ ನೀಲಿ. ಅಪ್ಪಟ ಬಿಳಿಯ ಮೇಲೆ ಅದು 4.55 ಬರುತ್ತದೆ, ಪಾಸು. ಆದರೆ ಆ ಶೈಲಿಯ ಕೋಡ್ ಪೆಟ್ಟಿಗೆಯ ಹಿನ್ನೆಲೆ ಅಪ್ಪಟ ಬಿಳಿಯಲ್ಲ, ತೀರಾ ತಿಳಿ ಬೂದು. ಅದರ ಮೇಲೆ 4.28ಕ್ಕೆ ಇಳಿಯುತ್ತದೆ. ಮುಂದೆ ಆ ಬಣ್ಣವನ್ನು ಒಂಚೂರು ಗಾಢ ಮಾಡಿದರು, 4.58 ಆಯಿತು. ಕಣ್ಣಿಗೆ ವ್ಯತ್ಯಾಸ ಗೊತ್ತಾಗೋದೇ ಕಷ್ಟ. ಆದರೂ ಇಂಥ ಕೆಲಸ ಎಷ್ಟು ಮುಖ್ಯ ಅಂತ ಆ ಜೆರಾಕ್ಸ್ ಹಾಳೆ ಹಿಡಿದು ಕೂತವರಿಗೆ ಗೊತ್ತು.

2019ರಿಂದ ಬ್ರೌಸರ್‌ಗಳು ಓದುಗರ ಡಾರ್ಕ್ ಮೋಡ್ ಆಯ್ಕೆಯನ್ನು ಪುಟಕ್ಕೆ ತಿಳಿಸತೊಡಗಿದವು. ಈಗ ಒಂದು ಡಾಕ್ಯುಮೆಂಟೇಶನ್‌ಗೆ ಎರಡೆರಡು ಬಣ್ಣದ ಜೋಡಣೆ ಬೇಕು. ಕೆಂಪು-ಹಸಿರು ಗುರುತಿಸಲಾಗದವರೂ ಓದುತ್ತಾರೆ. ಕೋಡ್‌ನಲ್ಲಿ ಸೇರಿದ, ಅಳಿಸಿದ ಸಾಲುಗಳನ್ನು ತೋರಿಸುವ ಡಿಫ್‌ನಲ್ಲಿ ಅವರನ್ನು ಕಾಯೋದು ಬಣ್ಣವಲ್ಲ, ಸಾಲಿನ ಮುಂದಿರುವ ಕೂಡು, ಕಳೆ ಚಿಹ್ನೆಗಳು.

ಹೊಸ ಥೀಮ್ ಕೈಗೆ ಬಂದಾಗ ನಾನು ಮೊದಲು ಅಳೆಯೋದು ಕಾಮೆಂಟಿನ ಬಣ್ಣವನ್ನೇ. ಅದೂ ಬಿಳಿಯ ಮೇಲಲ್ಲ, ಕೋಡ್ ಪೆಟ್ಟಿಗೆಯ ಬಣ್ಣದ ಮೇಲೆ.