ವಾಟರ್ ಲಿಫ್ಟ್: ಗಟರ್ ವ್ಯಾಕ್ಯೂಮ್ ಪೆಟ್ಟಿಗೆಯ ಮೇಲಿನ ಆ 2500 ಮಿ.ಮೀ. ಅಂದರೇನು?

ವ್ಯಾಕ್ಯೂಮ್ ಮಷಿನ್ ಕೊಳ್ಳಲು ಹುಬ್ಬಳ್ಳಿಗೆ ಬಂದವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: "ಎಷ್ಟು ಫೂಟ್ ಎತ್ತರಕ್ಕ ಎಳಿತೈತ್ರಿ ಇದು?" ಅಂಗಡಿಯವರು ಪೆಟ್ಟಿಗೆ ತಿರುಗಿಸಿ ಒಂದು ಅಂಕಿ ತೋರಿಸುತ್ತಾರೆ. ವಾಟರ್ ಲಿಫ್ಟ್ 2500 ಮಿ.ಮೀ. ಅಂದರೆ ಎರಡೂವರೆ ಮೀಟರ್, ಎಂಟಡಿ ಚಿಲ್ಲರೆ. ತಾರಿಹಾಳದ ಫ್ಯಾಕ್ಟರಿ ಶೆಡ್ಡಿನ ಅಂಚು ಇಪ್ಪತ್ತು ಅಡಿ ಮೇಲಿದ್ದರೆ ಈ ಮಷಿನ್ ಸಾಕಾದೀತಾ? ಸಾಕಾಗುತ್ತದೆ. ಯಾಕೆಂದರೆ ಆ ಅಂಕಿಗೂ ಕಟ್ಟಡದ ಎತ್ತರಕ್ಕೂ ನೇರ ಸಂಬಂಧವೇ ಇಲ್ಲ.

ಇಲ್ಲಿ ಗಟರ್ ಎಂದರೆ ಚಾವಣಿಯ ಅಂಚಿನಲ್ಲಿ ಮಳೆನೀರು ಹರಿಯಲು ಕೂರಿಸಿದ ತಗಡಿನ ಅಥವಾ ಪಿವಿಸಿ ದೋಣಿ. ಓಣಿಯ ಗಟಾರ ಅಲ್ಲ. ಅದಕ್ಕೆ ಬರುವ ಟ್ಯಾಂಕರಿನ ಸಕ್ಕಿಂಗ್ ಮಷಿನ್ ಬೇರೆಯೇ ಜಾತಿ. ಚಾವಣಿಯ ದೋಣಿಗೆ ಬಳಸುವುದು ಒದ್ದೆ ಕಸ, ಒಣ ಕಸ ಎರಡನ್ನೂ ಎಳೆಯುವ ಡ್ರಮ್ಮಿನ ವ್ಯಾಕ್ಯೂಮ್. ಅದಕ್ಕೆ ಉದ್ದನೆಯ ಪೈಪು, ಪೈಪಿಗೆ ಒಂದಕ್ಕೊಂದು ಸೇರಿಸಿದ ಕೋಲುಗಳು. ಕೋಲಿನ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ತುದಿಯಲ್ಲಿ ಪುಟ್ಟ ಕ್ಯಾಮೆರಾ ಇದ್ದರೆ ನೆಲದ ಮೇಲೆ ನಿಂತೇ ದೋಣಿಯ ಒಳಗೇನಿದೆ ಅಂತ ನೋಡಬಹುದು. ಏಣಿ ಹತ್ತುವ ಕೆಲಸ ಬಹುಪಾಲು ತಪ್ಪುತ್ತದೆ. ಹಳೆಯ ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟು ಒಳಗೆ ಬೀಳುವ ಅಪಾಯವೂ ತಪ್ಪುತ್ತದೆ. ನನ್ನ ಮಟ್ಟಿಗೆ ಈ ಮಷಿನ್ ಕೊಳ್ಳಲು ಅದೊಂದೇ ಕಾರಣ ಸಾಕು.

ಈಗ ವಾಟರ್ ಲಿಫ್ಟಿಗೆ ಬರೋಣ. ಮಷಿನ್ನಿನ ಬಾಯಿಯನ್ನು ಪೂರ್ತಿ ಮುಚ್ಚಿ, ಗಾಳಿ ಒಂದಿಷ್ಟೂ ಒಳಗೆ ಬರದಂತೆ ಮಾಡಿ, ಒಂದು ಕೊಳವೆಯಲ್ಲಿ ನೀರನ್ನು ಎಳೆಸುತ್ತಾರೆ. ನೀರು ಎಷ್ಟು ಎತ್ತರಕ್ಕೆ ಏರಿ ನಿಲ್ಲುತ್ತದೋ ಅದೇ ವಾಟರ್ ಲಿಫ್ಟ್. ಅಂದರೆ ಇದು ಒತ್ತಡದ ಅಳತೆ, ನೀರಿನ ಭಾಷೆಯಲ್ಲಿ ಹೇಳಿದ್ದು ಅಷ್ಟೇ. ಕೆಲವು ಪೆಟ್ಟಿಗೆಗಳ ಮೇಲೆ ಇದನ್ನೇ ಮಿಲಿಬಾರಿನಲ್ಲಿ ಬರೆದಿರುತ್ತಾರೆ, ಕೆಲವದರ ಮೇಲೆ ಇಂಚಿನಲ್ಲಿ. 250 ಮಿಲಿಬಾರ್ ಅಂದರೂ, 100 ಇಂಚು ಅಂದರೂ, 2500 ಮಿ.ಮೀ. ಅಂದರೂ ಹೆಚ್ಚುಕಡಿಮೆ ಒಂದೇ. ಇದಕ್ಕೊಂದು ಮೇಲಿನ ಮಿತಿಯೂ ಇದೆ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರ ಮಟ್ಟದಲ್ಲಿ ಅದು 10.3 ಮೀಟರ್ ನೀರಿಗೆ ಸಮ. ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು 9.4 ಮೀಟರಿನ ಆಸುಪಾಸು. ಯಾರಾದರೂ ಹನ್ನೆರಡು ಮೀಟರ್ ವಾಟರ್ ಲಿಫ್ಟ್ ಅಂತ ಹೇಳಿದರೆ ಸುಮ್ನೆ ನಕ್ಕು ಮುಂದಿನ ಅಂಗಡಿಗೆ ಹೋಗಬಹುದು.

ಹಾಗಾದರೆ ಇಪ್ಪತ್ತು ಅಡಿಯ ಲೆಕ್ಕ ಏನಾಯಿತು? ಸ್ವಲ್ಪ ನಿಂತು ಯೋಚಿಸಿ. ದೋಣಿ ಇರುವುದು ಮೇಲೆ, ಮಷಿನ್ ಇರುವುದು ಕೆಳಗೆ. ಕಸ ಕೊಕ್ಕೆಯ ತಿರುವಿನಲ್ಲಿ ಅರ್ಧ ಅಡಿಯೋ ಒಂದಡಿಯೋ ಏರುತ್ತದೆ. ಆಮೇಲೆ ಪೂರ್ತಿ ಕೆಳಗೇ ಇಳಿಯುತ್ತದೆ. ನೆಲದ ಸಂಪಿನಿಂದ ನೀರು ಮೇಲಕ್ಕೆ ಎಳೆಯುವಾಗ ಎತ್ತರವೇ ಮುಖ್ಯ, ಆದರೆ ಗಟರಿನಲ್ಲಿ ಭೂಮಿಯ ಸೆಳೆತ ನಮ್ಮ ಕಡೆಗೇ ಇದೆ. ಇಲ್ಲಿ ವಾಟರ್ ಲಿಫ್ಟ್ ಖರ್ಚಾಗುವುದು ಬೇರೆ ಕಡೆ. ಪೈಪಿನ ಗೋಡೆಗೆ ಗಾಳಿ ತಿಕ್ಕಿಕೊಂಡು ಹೋಗುವುದರಲ್ಲಿ, ಪ್ರತಿ ತಿರುವಿನಲ್ಲಿ, ಕಸ ತುಂಬಿದ ಫಿಲ್ಟರಿನಲ್ಲಿ. ಅದನ್ನು ಕಿಸೆಯಲ್ಲಿ ಇಟ್ಟುಕೊಂಡು ಹೊರಟ ದುಡ್ಡು ಅಂದುಕೊಳ್ಳಿ. ದಾರಿ ಖರ್ಚು ಕಳೆದು ಕೊಕ್ಕೆಯ ತುದಿಯಲ್ಲಿ ಎಷ್ಟು ಉಳಿಯಿತು ಅನ್ನೋದೇ ಪ್ರಶ್ನೆ.

ದಾರಿ ಖರ್ಚು ಎಷ್ಟಾಗುತ್ತದೆ? ಇದಕ್ಕೆ ಇನ್ನೊಂದು ಅಂಕಿ ಬೇಕು, ಏರ್‌ಫ್ಲೋ. ನಿಮಿಷಕ್ಕೆ ಎಷ್ಟು ಗಾಳಿ ಒಳಗೆ ಹೋಗುತ್ತದೆ ಅನ್ನುವ ಲೆಕ್ಕ. ಇದನ್ನು ಸಾಮಾನ್ಯವಾಗಿ ಸಿಎಫ್‌ಎಂನಲ್ಲಿ ಬರೆಯುತ್ತಾರೆ, ನಿಮಿಷಕ್ಕೆ ಇಷ್ಟು ಘನ ಅಡಿ ಅಂತ. ಒಂದು ಸಿಎಫ್‌ಎಂ ಅಂದರೆ ನಿಮಿಷಕ್ಕೆ 28.3 ಲೀಟರ್. ಕಸವನ್ನು ಹೊತ್ತು ತರುವುದು ಈ ಗಾಳಿಯ ಓಟವೇ. ನುಣುಪಾದ 50 ಮಿ.ಮೀ. ಪೈಪಿನಲ್ಲಿ 100 ಸಿಎಫ್‌ಎಂ ಹರಿದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 24 ಮೀಟರ್. ಎಲೆ, ಕಡ್ಡಿ, ಸಣ್ಣ ಮಣ್ಣಿನ ಹೆಂಟೆ ಸಾಗಿಸಲು ಇದು ಸಾಕಾಗುವ ವೇಗ. ಹತ್ತು ಮೀಟರ್ ಉದ್ದಕ್ಕೆ ಆಗುವ ಖರ್ಚು ಸುಮಾರು 130 ಮಿ.ಮೀ. ವಾಟರ್ ಲಿಫ್ಟ್. ಪರವಾಗಿಲ್ಲ ಅಲ್ವಾ? ಅದೇ ಗಾಳಿಯನ್ನು 38 ಮಿ.ಮೀ. ಪೈಪಿನಲ್ಲಿ ತೂರಿಸಿ ನೋಡಿ, ಖರ್ಚು 500ರ ಹತ್ತಿರ ಹೋಗುತ್ತದೆ. ಪೈಪಿನ ಅಗಲ ಕಾಲು ಭಾಗ ಕಡಿಮೆಯಾದರೆ ಖರ್ಚು ನಾಲ್ಕು ಪಟ್ಟು. ಒಳಗೆ ಗೀರು ಗೀರಾದ ಸುರುಳಿ ಪೈಪಾದರೆ ಇನ್ನೂ ಜಾಸ್ತಿ. ಇದು ಬರೀ ಗಾಳಿಯ ಲೆಕ್ಕ, ಒದ್ದೆ ಎಲೆ ಸೇರಿದ ಮೇಲೆ ಕೇಳಲೇಬೇಡಿ. ಅದಕ್ಕೇ ದುಡ್ಡು ಕಡಿಮೆ ಇದ್ದವರಿಗೆ ನಾನು ಹೇಳುವುದು ಇಷ್ಟು: ಮೋಟಾರ್ ಒಂದು ಕಡಿಮೆ ಇರಲಿ, ಪೈಪು ಎರಡಿಂಚಿನದೇ ಇರಲಿ.

ಪೆಟ್ಟಿಗೆಯ ಮೇಲಿನ ಈ ಎರಡು ಅಂಕಿಗಳಲ್ಲಿ ಒಂದು ಮರ್ಮವಿದೆ. ವಾಟರ್ ಲಿಫ್ಟ್ ಅಳೆಯುವುದು ಗಾಳಿ ಸೊನ್ನೆ ಇರುವಾಗ. ಏರ್‌ಫ್ಲೋ ಅಳೆಯುವುದು ಬಾಯಿ ಪೂರ್ತಿ ತೆರೆದಿರುವಾಗ, ಆಗ ಎಳೆತ ಹತ್ತಿರಹತ್ತಿರ ಸೊನ್ನೆ. ಎರಡೂ ಒಂದೇ ಹೊತ್ತಿಗೆ ಸಿಗುವುದಿಲ್ಲ. ನಿಜವಾದ ಕೆಲಸ ನಡೆಯುವುದು ಎರಡರ ನಡುವೆ ಎಲ್ಲೋ. ಗಟರ್ ಕೆಲಸದಲ್ಲಿ ಹೆಚ್ಚಿನ ಹೊತ್ತು ಗಾಳಿಯದೇ ಆಟ. ಎಳೆತದ ಬಲ ನೆನಪಾಗುವುದು ಒದ್ದೆ ಎಲೆಯ ಮುದ್ದೆ ಬಾಯಿಗೆ ಗಕ್ಕನೆ ಕಚ್ಚಿಕೊಂಡಾಗ. ಆಗ ಗಾಳಿ ನಿಲ್ಲುತ್ತದೆ, ಎಳೆತ ಪೂರ್ತಿ ಏರುತ್ತದೆ, ಮುದ್ದೆ ಕಿತ್ತು ಬರುತ್ತದೆ. ಬರದಿದ್ದರೆ ಕೋಲು ತೆಗೆದು ಬಡಿಯಬೇಕು.

ಮೋಟಾರ್ ಎಷ್ಟು ಬೇಕು ಅನ್ನೋ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಈ ಮಷಿನ್ನುಗಳಲ್ಲಿ 1000ದಿಂದ 1200 ವಾಟಿನ ಮೋಟಾರುಗಳು ಒಂದು, ಎರಡು ಅಥವಾ ಮೂರು ಇರುತ್ತವೆ. ಅವನ್ನು ಪಕ್ಕಪಕ್ಕ ಕೂರಿಸಿದ್ದರೆ ಗಾಳಿ ಕೂಡುತ್ತದೆ, ವಾಟರ್ ಲಿಫ್ಟ್ ಕೂಡುವುದಿಲ್ಲ. ಒಂದು ಮೋಟಾರಿನ ಮಷಿನ್ನಿನ ಮೇಲೂ 2500, ಮೂರು ಮೋಟಾರಿನ ಮೇಲೂ 2500 ಬರೆದಿದ್ದರೆ ಅದು ಸುಳ್ಳಲ್ಲ. ಆದರೆ ಗಾಳಿ ಎರಡು ಪಟ್ಟಾದರೆ ತಿಕ್ಕಾಟದ ಖರ್ಚು ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಎರಡಿಂಚಿನ ಪೈಪಿಗೆ ಮೂರನೆಯ ಮೋಟಾರ್ ಕೊಡುವ ಲಾಭ ಅದರ ಕರೆಂಟಿಗೆ ಹೋಲಿಸಿದರೆ ಕಡಿಮೆ. ಮಾಳಮಡ್ಡಿಯ ಹೆಂಚಿನ ಮನೆ, ವಿದ್ಯಾಗಿರಿಯ ಎರಡು ಮಹಡಿ ಮನೆ, ಇವಕ್ಕೆ ಎರಡು ಮೋಟಾರ್ ಧಾರಾಳ ಸಾಕು. ಫ್ಯಾಕ್ಟರಿ ಶೆಡ್ಡುಗಳ ನಡುವಿನ ಅಗಲ ದೋಣಿಯಲ್ಲಿ ವರ್ಷಗಟ್ಟಲೆ ಮಣ್ಣು ಕೂತು ಹುಲ್ಲು ಬೆಳೆದಿರುತ್ತದೆ, ಅಂಥಲ್ಲಿ ಮಾತ್ರ ಮೂರರ ಮಾತು. ಹತ್ತಿ ಜಿನ್ನಿಂಗ್ ಮಿಲ್ಲಿನ ಚಾವಣಿ ಇನ್ನೊಂದು ತಲೆನೋವು. ಅರಳೆಯ ಎಳೆ ಮಳೆಗೆ ಒದ್ದೆಯಾಗಿ ಕಂಬಳಿಯಂತೆ ಹಾಸಿಕೊಂಡರೆ ಯಾವ ಮಷಿನ್ನೂ ಒಂದೇ ಏಟಿಗೆ ಎಳೆಯುವುದಿಲ್ಲ.

ಮೋಟಾರ್ ಬೈಪಾಸ್ ಮಾದರಿಯದೇ ಅಂತ ಖಾತ್ರಿ ಮಾಡಿಕೊಳ್ಳಿ. ಅದರಲ್ಲಿ ಮೋಟಾರನ್ನು ತಣ್ಣಗಿಡುವ ಗಾಳಿಯ ದಾರಿಯೇ ಬೇರೆ. ಮನೆ ಗುಡಿಸುವ ಸಾದಾ ವ್ಯಾಕ್ಯೂಮಿನಲ್ಲಿ ಎಳೆದ ಗಾಳಿಯೇ ಮೋಟಾರಿನ ಮೈಮೇಲೆ ಹಾಯುತ್ತದೆ. ಒದ್ದೆ ಕಸಕ್ಕೆ ಅದನ್ನು ಹಚ್ಚಿದರೆ ಸುಟ್ಟುಹೋಗುತ್ತದೆ.

ಇನ್ನು ಕರೆಂಟು. ಇಲ್ಲೂ ಪೆಟ್ಟಿಗೆ ಜೋರಾಗಿ ಮಾತಾಡುತ್ತದೆ. "6 ಎಚ್‌ಪಿ ಪೀಕ್" ಅಂತ ಬರೆದಿರುತ್ತಾರೆ. ನಮ್ಮ ಮನೆಯ ದೊಡ್ಡ ಪ್ಲಗ್ಗು 16 ಆಂಪಿಯರಿನದು. 230 ವೋಲ್ಟಿಗೆ ಗುಣಿಸಿದರೆ 3680 ವಾಟ್, ಅಂದರೆ ಐದು ಎಚ್‌ಪಿಗೂ ಸ್ವಲ್ಪ ಕಡಿಮೆ. ಪ್ಲಗ್ಗಿನಿಂದ ಬರದ ಆರು ಎಚ್‌ಪಿ ಎಲ್ಲಿಂದ ಬಂತು? ವಾಟ್ ನೋಡಿ, ಎಚ್‌ಪಿ ಬಿಡಿ. ಟಿವಿ, ಮೊಬೈಲಿನ ಸಣ್ಣ ಪ್ಲಗ್ಗು 6 ಆಂಪಿಯರಿನದು, 1380 ವಾಟ್ ಅದರ ಮಿತಿ. ಒಂದು ಮೋಟಾರಿನ ಮಷಿನ್ ಅದರಲ್ಲಿ ಕಷ್ಟಪಟ್ಟು ನಡೆದೀತು. ಎರಡು ಮೋಟಾರಿನದು 2400 ವಾಟ್, ಹತ್ತೂವರೆ ಆಂಪಿಯರ್. ಅದನ್ನು ಸಣ್ಣ ಪ್ಲಗ್ಗಿಗೆ ಹಾಕುವ ಮಾತೇ ಇಲ್ಲ. ಮೂರು ಮೋಟಾರಿನದು 3600 ವಾಟ್, 16 ಆಂಪಿಯರಿನ ಅಂಚಿಗೇ ಹೋಗಿ ನಿಲ್ಲುತ್ತದೆ. ಎರಡು ವೈರುಗಳಿರುವ ಮಷಿನ್ ಕಂಡರೆ ಕಾರಣ ಇದೇ. ಆ ಎರಡನ್ನೂ ಒಂದೇ ಬೋರ್ಡಿಗೆ ಚುಚ್ಚಿದರೆ ಕಾರಣವೇ ಹಾಳಾಯಿತು, ಎರಡು ಬೇರೆ ಲೈನಿಗೆ ಹಾಕಬೇಕು.

ಎಕ್ಸ್‌ಟೆನ್ಶನ್ ವೈರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂವತ್ತು ಮೀಟರ್ ಉದ್ದದ 1 ಚದರ ಮಿ.ಮೀ. ವೈರಿನಲ್ಲಿ ಎರಡು ಮೋಟಾರ್ ಓಡಿಸಿದರೆ ದಾರಿಯಲ್ಲೇ ಹನ್ನೆರಡು ವೋಲ್ಟ್ ಹೋಗುತ್ತದೆ. 2.5 ಚದರ ಮಿ.ಮೀ. ವೈರಿನಲ್ಲಿ ಐದು ವೋಲ್ಟ್. ಬೇಸಿಗೆಯಲ್ಲಿ ಲೈನಿನಲ್ಲೇ ವೋಲ್ಟೇಜ್ ಕುಗ್ಗಿರುವ ಹಳ್ಳಿಯ ಕಡೆ ಹೋದರೆ ಈ ಏಳು ವೋಲ್ಟಿಗೂ ಬೆಲೆ ಇದೆ. ಡ್ರಮ್ಮಿಗೆ ಸುತ್ತಿದ ವೈರಾದರೆ ಪೂರ್ತಿ ಬಿಚ್ಚಿ ಬಳಸಿ. ಸುತ್ತಿಟ್ಟಂತೆಯೇ ಓಡಿಸಿದರೆ ಒಳಗಿನ ಸುತ್ತು ಕಾದು ಕರಗುತ್ತದೆ. ನೀರು, ಕರೆಂಟು ಒಟ್ಟಿಗಿರುವ ಕೆಲಸ ಇದು, ಹಾಗಾಗಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಟ್ಟನೆ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿಗೆ ಮಷಿನ್ ಹಚ್ಚಬೇಡಿ. ಹಳೆಯ ಮನೆಗಳಲ್ಲಿ ಅದು ಇರುವುದಿಲ್ಲ. ನಿಮ್ಮ ಬೋರ್ಡಿನಲ್ಲೇ ಒಂದು ಕೂರಿಸಿಕೊಂಡು ಹೋಗುವುದು ಒಳ್ಳೆಯದು.

ಮನೆಯ ಯುಪಿಎಸ್ ಮೇಲೆ ಓಡಿಸಬಹುದಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. 12 ವೋಲ್ಟಿನ ಬ್ಯಾಟರಿಯಿಂದ 2400 ವಾಟ್ ತೆಗೆಯಬೇಕೆಂದರೆ 200 ಆಂಪಿಯರ್ ಎಳೆಯಬೇಕು. ಸಾಮಾನ್ಯ ಮನೆಯ ಯುಪಿಎಸ್ ಅದನ್ನು ತಡೆಯುವುದಿಲ್ಲ, ಬ್ಯಾಟರಿಯೂ ಬೇಗ ಹಾಳಾಗುತ್ತದೆ.

ಹೆಸ್ಕಾಂ ಲೈನ್ ಹತ್ತಿರ ಇಲ್ಲದ ಗೋದಾಮಿಗೆ, ಬ್ಯಾಡಗಿ ಕಡೆಯ ಮೆಣಸಿನಕಾಯಿ ಶೆಡ್ಡಿಗೆ, ಗದಗಿನ ಹೊರವಲಯಕ್ಕೆ ಹೋಗುವವರಿಗೆ ಜನರೇಟರ್ ಬೇಕೇಬೇಕು. ಅದರ ಮೇಲೂ ಎರಡು ಅಂಕಿ ಇರುತ್ತದೆ, ಮ್ಯಾಕ್ಸಿಮಮ್ ಮತ್ತು ರೇಟೆಡ್. ನಂಬಬೇಕಾದ್ದು ರೇಟೆಡ್, ಅಂದರೆ ಸತತವಾಗಿ ಕೊಡಬಲ್ಲದ್ದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನಿನ ಬಲ ಕುಗ್ಗುತ್ತದೆ. ಮುನ್ನೂರು ಮೀಟರಿಗೆ ಶೇ. 3.5 ಅಂತ ಒಂದು ವಾಡಿಕೆಯ ಲೆಕ್ಕವಿದೆ. ಧಾರವಾಡದ ಎತ್ತರಕ್ಕೆ ಶೇ. 8ರಿಂದ 9 ಹೋಯಿತು. ಮೂರು ಸಾವಿರ ವಾಟಿನ ಜನರೇಟರ್ ಇಲ್ಲಿ ಹೆಚ್ಚುಕಡಿಮೆ 2700 ವಾಟಿನದು. ಮೇಲಾಗಿ ಇಂಥ ಮೋಟಾರ್ ಶುರುವಾಗುವ ಕ್ಷಣ ಓಡುವಾಗಿನ ಕರೆಂಟಿಗಿಂತ ಹಲವು ಪಟ್ಟು ಎಳೆಯುತ್ತದೆ. ಎರಡು ಮೋಟಾರಿಗೆ ನಾಲ್ಕು ಸಾವಿರ ವಾಟಿನ ಹತ್ತಿರದ್ದು ತಗೊಳ್ಳಿ. ಒಂದು ಸ್ವಿಚ್ ಹಾಕಿ, ಜನರೇಟರಿನ ದನಿ ಸರಿಹೋದ ಮೇಲೆ ಇನ್ನೊಂದು ಹಾಕಿ. ಜನರೇಟರಿನ ಮೇಲೆ ಆರ್‌ಸಿಸಿಬಿ ಕೆಲಸ ಮಾಡಬೇಕಾದರೆ ನ್ಯೂಟ್ರಲ್ ಮತ್ತು ಅರ್ಥಿಂಗ್ ಸರಿಯಾಗಿ ಜೋಡಿಸಿರಬೇಕು. ಅದನ್ನು ಬಲ್ಲ ಎಲೆಕ್ಟ್ರಿಷಿಯನ್ನಿಗೇ ಬಿಡಿ.

ದನಿಯ ಮಾತು ಬಂದಿದ್ದಕ್ಕೆ ಒಂದು ವಿಷಯ. ಪೈಪು ಕಟ್ಟಿಕೊಂಡಾಗ ಮಷಿನ್ ಕೀರಲು ದನಿಯಲ್ಲಿ ಕೂಗುತ್ತದೆ. ಪಾಪ, ಹೊರೆ ಜಾಸ್ತಿಯಾಯಿತು ಅನಿಸುತ್ತದೆ. ನಿಜ ತಿರುಗಾಮುರುಗಾ. ತಳ್ಳಲು ಗಾಳಿ ಇಲ್ಲದೆ ಫ್ಯಾನ್ ಹಗುರಾಗಿ ಜೋರಾಗಿ ತಿರುಗುತ್ತಿರುತ್ತದೆ, ಕರೆಂಟೂ ಕಡಿಮೆ ಎಳೆಯುತ್ತದೆ. ಬಾಯಿ ತೆರೆದಿರುವಾಗಲೇ ಹೊರೆ ಹೆಚ್ಚು. ಜನರೇಟರ್ ಪರೀಕ್ಷೆ ಮಾಡುವಾಗ ಪೈಪು ತೆರೆದೇ ಇಡಿ.

ಮಷಿನ್ ಹಳತಾದ ಮೇಲೆ ವಾಟರ್ ಲಿಫ್ಟನ್ನು ನೀವೇ ಅಳೆಯಬಹುದು. ಒಂದು ಸಾದಾ ವ್ಯಾಕ್ಯೂಮ್ ಗೇಜ್ ಸಾಕು. ಮೊದಲು ಡ್ರಮ್ಮಿನ ಬಾಯಿಗೇ ಗೇಜ್ ಹಿಡಿದು ಗಾಳಿ ಹೋಗದಂತೆ ಮುಚ್ಚಿ. ಪಾದರಸದ ಲೆಕ್ಕದಲ್ಲಿ 147 ಮಿ.ಮೀ. ತೋರಿಸಿದರೆ ಅದು ಎರಡು ಮೀಟರ್ ನೀರು. ಆಮೇಲೆ ಪೈಪು, ಕೋಲು ಎಲ್ಲ ಜೋಡಿಸಿ ಕೊಕ್ಕೆಯ ತುದಿಯಲ್ಲಿ ಹಿಡಿಯಿರಿ. ಗಾಳಿಯೇ ಓಡದಿರುವಾಗ ತಿಕ್ಕಾಟದ ಖರ್ಚಿಲ್ಲ, ಎರಡೂ ಕಡೆ ಅಂಕಿ ಒಂದೇ ಇರಬೇಕು. ತುದಿಯಲ್ಲಿ ಕಡಿಮೆ ಬಂದರೆ ನಡುವೆ ಎಲ್ಲೋ ಸೋರಿಕೆ ಇದೆ. ಬಹುಪಾಲು ಕೋಲುಗಳ ಜೋಡಣೆಯಲ್ಲಿ, ಇಲ್ಲವೇ ಪೈಪಿನಲ್ಲಿ. ಡ್ರಮ್ಮಿನ ಬಳಿಯೇ ಕಡಿಮೆ ಇದ್ದರೆ ಮೊದಲು ಡ್ರಮ್ಮಿನ ಮುಚ್ಚಳದ ರಬ್ಬರ್ ನೋಡಿ, ಆಮೇಲೆ ಮೋಟಾರಿನ ಕಾರ್ಬನ್ ಬ್ರಷ್ ನೋಡಿ. ಮಿರಗದ ಮಳೆಗೆ ಮುಂಚೆ, ಮೇ ತಿಂಗಳಲ್ಲೇ ಇದನ್ನು ಮಾಡಿಟ್ಟುಕೊಂಡರೆ ಒಳ್ಳೆಯದು, ಕೆಲಸದ ಕರೆಗಳೆಲ್ಲ ಒಟ್ಟಿಗೇ ಬರುವುದು ಆಗಲೇ.

ಕೋಲಿನ ಬಗ್ಗೆ ಕಡೆಯ ಮಾತು. ಹಗುರ ಅಂತ ಕಾರ್ಬನ್ ಫೈಬರ್ ಕೋಲು ಕೊಳ್ಳುತ್ತಾರೆ. ಕೈ ನೋಯುವುದಿಲ್ಲ, ನಿಜ. ಆದರೆ ಕಾರ್ಬನ್ ಫೈಬರಿನಲ್ಲಿ ಅಲ್ಯುಮಿನಿಯಮ್ಮಿನಂತೆಯೇ ಕರೆಂಟ್ ಹರಿಯುತ್ತದೆ. ಹಳೆ ಹುಬ್ಬಳ್ಳಿಯ ಇಕ್ಕಟ್ಟಾದ ಓಣಿಗಳಲ್ಲಿ ವಿದ್ಯುತ್ ತಂತಿ ಮನೆಯ ಅಂಚಿಗೆ ಕೈಗೆಟಕುವಂತೆ ಹಾದಿರುತ್ತದೆ. ಅಂಥಲ್ಲಿ ಯಾವ ಕೋಲನ್ನೂ ಎತ್ತಬೇಡಿ. ಒಣಗಿದ ಫೈಬರ್ ಗ್ಲಾಸ್ ಕೋಲಿನಲ್ಲಿ ಕರೆಂಟ್ ಹರಿಯದು, ಆದರೆ ಒಳಗೆ ಒದ್ದೆ ಕಸ ಇಳಿಯುತ್ತಿರುವ ಕೋಲು ಒಣಗಿರುವುದಾದರೂ ಹೇಗೆ? ಮೊದಲು ಲೈನಿನ ಕರೆಂಟ್ ತೆಗೆಸಿ, ಆಮೇಲೆ ಕೋಲು ಜೋಡಿಸಿ. ಒಣ ಎಲೆ ಎಳೆಯುವಾಗ ಕೈಗೆ ಚುರುಕ್ಕನೆ ಹೊಡೆಯುವ ಸಣ್ಣ ಶಾಕ್ ಮಾತ್ರ ಬೇರೆ. ಅದು ತಿಕ್ಕಾಟದಿಂದ ಹುಟ್ಟುವ ಸ್ಥಿರ ವಿದ್ಯುತ್ತು, ಆಂಟಿಸ್ಟ್ಯಾಟಿಕ್ ಪೈಪು ಹಾಕಿದರೆ ಕಡಿಮೆಯಾಗುತ್ತದೆ.